ತುಪ್ಪ ಬೇಡ ಎಂದ ಮಗ

ನಮ್ಮ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತರೆ ನನಗೆ ಓ.ಪಿ.ಡಿ.ಯಲ್ಲಿ ಕುಳಿತಂತೆಯೇ. ಕೈಯಲ್ಲಿ ತಟ್ಟೆ, ಕಿವಿಯಲ್ಲಿ ಪ್ರಶ್ನೆ. "ಡಾಕ್ಟ್ರೇ, ಹೋಳಿಗೆ ಮೇಲೆ ತುಪ್ಪ ಹಾಕಿಸ್ಕೊಳ್ಳಲೋ ಬೇಡವೋ?" "ಕೊಬ್ಬರಿ ಎಣ್ಣೆ ಅಮೃತ ಅಂತ ವಾಟ್ಸಾಪ್‌ನಲ್ಲಿ ಬಂದಿದೆ, ನಿಜವಾ?" ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರಾದರೊಬ್ಬರು, "ಬಿಡ್ರೀ, ಈ ಡಾಕ್ಟರುಗಳು ಐದು ವರ್ಷಕ್ಕೊಂದು ಸಲ ಮಾತು ಬದಲಾಯಿಸ್ತಾರೆ" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಈ ಮಾತನ್ನು ನನಗೆ ಮೊದಲು ಹೇಳಿದವರು ನನ್ನ ತಾಯಿ. ಆಗ ನಗು ಬಂದಿರಲಿಲ್ಲ.

1993ರ ಮಾತು. ಎಂ.ಬಿ.ಬಿ.ಎಸ್. ಮುಗಿಸಿ ಹೌಸ್ ಸರ್ಜನ್ ಆಗಿದ್ದೆ. ಕೊರಳಲ್ಲಿ ಹೊಸ ಸ್ಟೆತಾಸ್ಕೋಪು, ತಲೆಯಲ್ಲಿ ಹೊಸ ಅಹಂಕಾರ. ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪನಿಗೆ ಆಗಷ್ಟೇ ಎದೆನೋವು ಕಾಣಿಸಿಕೊಂಡಿತ್ತು. ನಾನು ಹೋದವನೇ ಅಡಿಗೆಮನೆಗೆ ನುಗ್ಗಿ ತುಪ್ಪದ ಭರಣಿ ಎತ್ತಿಸಿದೆ. ಅದರ ಜಾಗಕ್ಕೆ ವನಸ್ಪತಿ ಡಬ್ಬ ತಂದಿಟ್ಟೆ. "ಇದು ಗಿಡದ ಎಣ್ಣೆಯಿಂದ ಮಾಡಿದ್ದಮ್ಮ, ಇದರಲ್ಲಿ ಕೊಲೆಸ್ಟ್ರಾಲ್ ಒಂದು ಚೂರೂ ಇಲ್ಲ" ಅಂದೆ. ಬೆಣ್ಣೆ ಕಾಯಿಸುವಾಗ ನಾಲ್ಕು ಮನೆಗೆ ಘಮ ಹೋಗುತ್ತಿದ್ದ ಅಮ್ಮ, ಮಗ ಡಾಕ್ಟರಲ್ಲವೇ ಎಂದು ಮಾತಾಡದೆ ಒಪ್ಪಿಕೊಂಡರು.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ವನಸ್ಪತಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ನಿಜ. ಆದರೆ ದ್ರವರೂಪದ ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡುವಾಗ ಅದರಲ್ಲಿ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. ನೆದರ್‌ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್ ಇದನ್ನು ತೋರಿಸಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬರೆದದ್ದು 1990ರಲ್ಲಿ. ನನ್ನ ಉಪದೇಶಕ್ಕಿಂತ ಮೂರು ವರ್ಷ ಮೊದಲು! ನಾನು ಅದನ್ನು ಓದಿರಲಿಲ್ಲ.

ಎಂ.ಡಿ. ಮುಗಿಸಿ ಇಲ್ಲಿಗೆ ಬಂದು ಮತ್ತೆ ರೆಸಿಡೆನ್ಸಿ ಮಾಡುವಾಗ, 1999ರಲ್ಲಿ ವಿಷಯ ತಿಳಿಯಿತು. ಐ.ಎಸ್.ಡಿ. ಕಾರ್ಡು ಗೀರಿ ಫೋನ್ ಮಾಡಿ, "ಅಮ್ಮ, ವನಸ್ಪತಿ ನಿಲ್ಲಿಸಿಬಿಡು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹಾಗಾದ್ರೆ ಆರು ವರ್ಷ ನಿಮ್ಮಪ್ಪನಿಗೆ ನಾನು ಏನು ತಿನ್ನಿಸಿದೆನೋ?" ಎಂದರು.

"ಏನೋ ಹೊಸ ಸಂಶೋಧನೆ ಬಂದಿದೆಯಮ್ಮ" ಅಂದೆ. ಸುಳ್ಳು. ಸಂಶೋಧನೆ ಹಳೆಯದು, ಗೊತ್ತಾದದ್ದು ಹೊಸದು. 2001ರಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಅದು ವನಸ್ಪತಿಯಿಂದಲೇ ಆಯಿತೆಂದು ನಾನು ಹೇಳುವಂತಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯಿತ್ತು, ದಿನಕ್ಕೊಂದು ಪ್ಯಾಕ್ ಸಿಗರೇಟೂ ಇತ್ತು. ಒಬ್ಬ ಮನುಷ್ಯನ ಸಾವಿಗೆ ಒಂದು ಡಬ್ಬವನ್ನು ಹೊಣೆ ಮಾಡುವುದೂ ತಪ್ಪು ವಿಜ್ಞಾನವೇ. ಆದರೆ ರಾತ್ರಿ ನಿದ್ದೆ ಬರದಾಗ ಮನಸ್ಸು ಈ ಸಂಖ್ಯಾಶಾಸ್ತ್ರವನ್ನೆಲ್ಲ ಕೇಳುವುದಿಲ್ಲ.

ಇದರ ಬೆಲೆ ತೆತ್ತದ್ದು 2009ರಲ್ಲಿ. ಅಮ್ಮನಿಗೆ ಬಿ.ಪಿ. ಏರಿತ್ತು. ಅಪ್ಪನ ತಿಥಿಗೆಂದು ಊರಿಗೆ ಹೋದವನು ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಕಡಿಮೆ ಮಾಡು ಅಂದೆ. "ನಾಳೆ ಉಪ್ಪೂ ಒಳ್ಳೇದು ಅಂತ ಫೋನ್ ಮಾಡ್ತೀಯ, ನೀವೆಲ್ಲ ಮಾತು ಬದಲಾಯಿಸೋರು" ಎನ್ನುತ್ತ ಮಿಡಿ ಮಾವಿನಕಾಯಿ ಬಡಿಸಿಕೊಂಡರು. ನನ್ನ ಹತ್ತು ಸಲಹೆಗಳಲ್ಲಿ ಅತ್ಯಂತ ಗಟ್ಟಿಯಾದದ್ದನ್ನೇ ಅವರು ನಂಬಲಿಲ್ಲ!

ಅಂದು ಸಂಜೆ ಜಗಲಿಯಲ್ಲಿ ಕುಳಿತು ಎಲ್ಲ ಹೇಳಿಬಿಟ್ಟೆ. 1990ರ ಲೇಖನ, ನಾನು ಓದದೇ ಇದ್ದದ್ದು, ಫೋನಿನಲ್ಲಿ ಹೇಳಿದ ಸುಳ್ಳು. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಈ ಉಪ್ಪಿನ ವಿಷಯ ಎಷ್ಟು ಗಟ್ಟಿ?"

ಇಷ್ಟು ವರ್ಷದ ಪ್ರಾಕ್ಟೀಸಿನಲ್ಲಿ ಯಾವ ರೋಗಿಯೂ ನನ್ನನ್ನು ಇಷ್ಟು ಸರಿಯಾದ ಪ್ರಶ್ನೆ ಕೇಳಿಲ್ಲ. ಹೇಳಿದೆ: 2001ರಲ್ಲಿ ಪ್ರಕಟವಾದ ಡ್ಯಾಶ್-ಸೋಡಿಯಂ ಎಂಬ ಅಧ್ಯಯನದಲ್ಲಿ 412 ಜನರಿಗೆ ಊಟವನ್ನೇ ತಯಾರಿಸಿ ಕೊಟ್ಟು, ಉಪ್ಪಿನ ಮೂರು ಪ್ರಮಾಣಗಳನ್ನು ತಲಾ 30 ದಿನ ಉಣ್ಣಿಸಿ ಬಿ.ಪಿ. ಅಳೆದರು. ಉಪ್ಪು ಇಳಿದಂತೆ ಬಿ.ಪಿ.ಯೂ ಇಳಿಯಿತು. ಇದು ಗಟ್ಟಿ. ಆದರೆ ನಿನಗೆ ಎಷ್ಟು ಇಳಿಯುತ್ತದೆಂದು ನಾನು ಮೊದಲೇ ಹೇಳಲಾರೆ, ಒಂದು ತಿಂಗಳು ಅಳೆದು ನೋಡೋಣ. ಮರುದಿನವೇ ಬಿ.ಪಿ. ಮೆಷಿನ್ನು ತಂದೆವು. ಉಪ್ಪಿನಕಾಯಿ ಭಾನುವಾರಕ್ಕೆ ವರ್ಗವಾಯಿತು.

ಅಂದಿನಿಂದ ನಾನು ಊಟದ ಸಾಲಿನಲ್ಲೂ ಈ "ಎಷ್ಟು ಗಟ್ಟಿ" ಎಂಬ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಇದು ಗಟ್ಟಿ. ಅದರಿಂದ ಮರೆವಿನ ಕಾಯಿಲೆ ಹೋಗುತ್ತದೆ ಎನ್ನುವುದು ವಾಟ್ಸಾಪು. ಒಗ್ಗರಣೆಗೆ ಒಂದು ಚಮಚ ಹಾಕಿದರೆ ಆಕಾಶ ಬೀಳುವುದಿಲ್ಲ, ಹಾಗೆಂದು ಲೋಟದಲ್ಲಿ ಕುಡಿಯಬೇಡಿ.

ಮಕ್ಕಳ ಪ್ರಶ್ನೆಗಳು ಇನ್ನೂ ಚೂಪು. ಹೈಸ್ಕೂಲು ಹುಡುಗನೊಬ್ಬ ಕೇಳಿದ: "ಅಂಕಲ್, ಪೆಪರೋನಿ ಸಿಗರೇಟಿನಷ್ಟೇ ಅಪಾಯವಂತೆ?" 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಂಸ್ಕರಿಸಿದ ಮಾಂಸವನ್ನು ತಂಬಾಕಿನ ಪಟ್ಟಿಗೇ ಸೇರಿಸಿತು. ಆ ಪಟ್ಟಿ ಹೇಳುವುದು ಸಾಕ್ಷ್ಯ ಎಷ್ಟು ಬಲವಾಗಿದೆ ಎಂದೇ ಹೊರತು ಅಪಾಯ ಎಷ್ಟು ದೊಡ್ಡದು ಎಂದಲ್ಲ. ದಿನಾ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರಿನ ಸಂಭವ ಶೇಕಡಾ 18ರಷ್ಟು ಹೆಚ್ಚು ಎಂದರು. ಕೇಳಲು ಭಯಂಕರ. ಅಮೆರಿಕದಲ್ಲಿ ಜೀವಮಾನದಲ್ಲಿ ನೂರು ಜನರಲ್ಲಿ ಸುಮಾರು ನಾಲ್ವರಿಗೆ ಈ ಕಾಯಿಲೆ ಬರುತ್ತದೆ. ಆ ನೂರೂ ಜನ ದಿನಾ ಪೆಪರೋನಿ ತಿಂದರೆ ಐದರ ಹತ್ತಿರ ಹೋಗಬಹುದು. ಎರಡೂ ಒಂದೇ ಲೆಕ್ಕ. ಹುಡುಗ ಯೋಚಿಸಿ, "ಹಾಗಾದ್ರೆ ಬರ್ತ್‌ಡೇ ಪಾರ್ಟಿಗೆ ಓಕೆ" ಎಂದ. ನನ್ನದೂ ಅದೇ ತೀರ್ಪು.

ಅಂದಹಾಗೆ, ಡಬ್ಬದ ಮೇಲಿನ ಬರಹವೂ ನನ್ನ 1993ರ ಉಪದೇಶದಂತೆಯೇ ಇರಬಲ್ಲದು. 2006ರಿಂದ ಅಮೆರಿಕದಲ್ಲಿ ಟ್ರಾನ್ಸ್ ಕೊಬ್ಬಿನ ಪ್ರಮಾಣ ಮುದ್ರಿಸುವುದು ಕಡ್ಡಾಯವಾಯಿತು. ಆದರೆ ಒಂದು ಸರ್ವಿಂಗಿನಲ್ಲಿ ಅರ್ಧ ಗ್ರಾಮಿಗಿಂತ ಕಡಿಮೆಯಿದ್ದರೆ ಸೊನ್ನೆ ಎಂದೇ ಬರೆಯಬಹುದಿತ್ತು. ನಾವು ಒಂದೇ ಸರ್ವಿಂಗಿಗೆ ನಿಲ್ಲಿಸುವವರೇ? ಕೊನೆಗೆ 2015ರಲ್ಲಿ, ಇಂಥ ಎಣ್ಣೆಗಳನ್ನು ಆಹಾರಕ್ಕೆ ಸೇರಿಸುವುದು ಸುರಕ್ಷಿತವಲ್ಲ ಎಂದು ಎಫ್.ಡಿ.ಎ. ತೀರ್ಮಾನಿಸಿ, ತೆಗೆದುಹಾಕಲು ಗಡುವು ಕೊಟ್ಟಿತು. ಭಾರತವೂ 2022ರಿಂದ ಎಣ್ಣೆ-ಕೊಬ್ಬುಗಳಲ್ಲಿ ಶೇಕಡಾ 2ರ ಮಿತಿ ಹಾಕಿದೆ. ಮೆನ್ಸಿಂಕ್-ಕಟಾನ್ ಲೇಖನದಿಂದ ಎಣಿಸಿದರೆ ಮೂವತ್ತೆರಡು ವರ್ಷ.

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಪ್ರತಿ ಭಾನುವಾರ ಫೋನು ಮಾಡಿ, ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಿಟ್ಟ ಬಿ.ಪಿ. ಓದುತ್ತಾರೆ. ಹೋದ ವಾರ 146 ಇತ್ತು. ನಾನು ಗಾಬರಿಯಾಗುವ ಮೊದಲೇ ಅವರೇ ಹೇಳಿದರು, "ಬುಧವಾರ ಹಪ್ಪಳ ತಿಂದಿದ್ದೆ ಕಣೋ, ಅದನ್ನೂ ಪಕ್ಕದಲ್ಲೇ ಬರೆದಿದ್ದೀನಿ."