ಸುರ್ಕಿಯಿಂದ ಹೊಟ್ಟಿನ ಬೂದಿಯವರೆಗೆ: ಸಿರುಗುಪ್ಪ ಪರಿಸರದಲ್ಲಿ ಗಾರೆಯ ತಿಳಿವು

ಹಾಡು, ಕಥೆ, ಆಚರಣೆಗಳಿಗೆ ಜಾನಪದ ಅಧ್ಯಯನದಲ್ಲಿ ದೊರೆತಷ್ಟು ಗಮನ ಕಟ್ಟಡ ಕಸುಬಿನ ತಿಳಿವಿಗೆ ದೊರೆತಿಲ್ಲ. ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ತ್ಯಾಜ್ಯವಸ್ತುವನ್ನು ಬಳಸುವ ಇಂದಿನ ಪ್ರಯತ್ನಗಳನ್ನು ಈ ಕಸುಬಿನ ಹಿನ್ನೆಲೆಯಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಸಿರುಗುಪ್ಪ, ಕೆಂಚನಗುಡ್ಡ, ದೇಶನೂರು ತುಂಗಭದ್ರೆಯ ತೀರದ ಊರುಗಳು. ವಿಜಯನಗರ ಕಾಲದ ಕಾಲುವೆಗಳೂ ಅನಂತರ ತುಂಗಭದ್ರಾ ಅಣೆಕಟ್ಟಿನ ನೀರೂ ಈ ಸೀಮೆಯನ್ನು ಭತ್ತದ ನಾಡಾಗಿಸಿವೆ. ಭತ್ತದೊಂದಿಗೆ ಅಕ್ಕಿಗಿರಣಿಗಳು ಬಂದವು. ಗಿರಣಿಗಳೊಂದಿಗೆ ಹೊಟ್ಟಿನ ರಾಶಿ. ನೂರು ಕಿಲೋ ಭತ್ತದಿಂದ ಸುಮಾರು 20 ಕಿಲೋ ಹೊಟ್ಟು, ಅದನ್ನು ಉರಿಸಿದರೆ ಸುಮಾರು 4 ಕಿಲೋ ಬೂದಿ ಉಳಿಯುತ್ತದೆ. ಚೆನ್ನಾಗಿ ಉರಿದ ಬೂದಿಯಲ್ಲಿ ಶೇಕಡಾ 85ಕ್ಕೂ ಹೆಚ್ಚು ಸಿಲಿಕಾ ಇರುತ್ತದೆ. ಇದನ್ನು ತಿಪ್ಪೆಗೆ ಸುರಿಯುವುದೇ ರೂಢಿ.

ತ್ಯಾಜ್ಯವನ್ನು ಗಾರೆಗೆ ಬೆರೆಸುವುದು ಹೊಸ ಸಂಗತಿಯೇನಲ್ಲ. ಸಿಮೆಂಟು ಬರುವ ಮುನ್ನ ಒಡೆದ ಇಟ್ಟಿಗೆ, ಹಂಚಿನ ಚೂರುಗಳನ್ನು ಕುಟ್ಟಿ ಜರಡಿಯಾಡಿ ಸುಣ್ಣಕ್ಕೆ ಕೂಡಿಸುತ್ತಿದ್ದರು. ಈ ಪುಡಿಯೇ ಸುರ್ಕಿ. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ, ಮರಳು, ಸುರ್ಕಿಗಳನ್ನು ಅರೆದು ಗಾರೆ ಹದಗೊಳಿಸುತ್ತಿದ್ದರು. 1945ರಲ್ಲಿ ಅಡಿಗಲ್ಲು ಕಂಡು 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟಿನ ಕಲ್ಲುಕಟ್ಟಡದಲ್ಲಿಯೂ ಸುರ್ಕಿ ಗಾರೆ ಬಳಕೆಯಾಗಿದೆ. ಕನ್ನಂಬಾಡಿ ಅಣೆಕಟ್ಟೂ ಇಂಥದೇ ನಿದರ್ಶನ.

ಹಳೆಯ ಗಾರೆಯ ಗಟ್ಟಿತನಕ್ಕೆ ಬೆಲ್ಲದ ನೀರು, ಮೊಟ್ಟೆಯ ಲೋಳೆಗಳೇ ಕಾರಣವೆಂಬ ನಂಬಿಕೆ ಜನಜನಿತವಾಗಿದೆ. ಅವು ಗಾರೆಯ ಹದವನ್ನು ಬದಲಿಸಬಲ್ಲವು. ಆದರೆ ಮೂಲ ಬಂಧ ಸುಣ್ಣದ್ದು, ಸುಣ್ಣ ಸುರ್ಕಿಗಳ ಕೂಡಿಕೆಯದು. ಸುರ್ಕಿಯಲ್ಲಿರುವ ಸಿಲಿಕಾ ನೀರಿನ ಸಮ್ಮುಖದಲ್ಲಿ ಸುಣ್ಣದೊಡನೆ ಸೇರಿ ಗಟ್ಟಿ ಸಂಯುಕ್ತವಾಗುತ್ತದೆ. ಸಿಮೆಂಟು ನೀರುಂಡಾಗಲೂ ಸುಣ್ಣ ಹೊರಬೀಳುತ್ತದೆ. ಹೊಟ್ಟಿನ ಬೂದಿ ಆ ಸುಣ್ಣವನ್ನು ಹಿಡಿದುಕೊಳ್ಳುತ್ತದೆ. ಆದುದರಿಂದ ಬೂದಿಯನ್ನು ಸುರ್ಕಿಯ ಸೋದರನೆನ್ನಬಹುದು. ಬೂದಿ ತಾನಾಗಿಯೇ ಅಂಟುವುದಿಲ್ಲ. ಸುಣ್ಣವಾಗಲಿ ಸಿಮೆಂಟಾಗಲಿ ಜೊತೆಗಿರಲೇಬೇಕು.

ಇಲ್ಲಿ ನಿರ್ಣಾಯಕವಾದುದು ಸುಡುವ ಹದ. ಅತಿಯಾಗಿ ಬೆಂದ ಇಟ್ಟಿಗೆಯ ಸುರ್ಕಿ ಸತ್ತ್ವಹೀನ. ತುಸು ಹಸಿಯಾಗಿ ಬೆಂದ ಇಟ್ಟಿಗೆಯದೇ ಮೇಲು. ಹೊಟ್ಟಿನ ವಿಷಯದಲ್ಲಿಯೂ ಹಾಗೆಯೇ. ಸುಮಾರು 500ರಿಂದ 700 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹತೋಟಿಯಿಂದ ಉರಿಸಿದರೆ ಸಿಲಿಕಾ ಚುರುಕಾಗಿರುತ್ತದೆ. ಕಾವು ಮಿತಿಮೀರಿದರೆ ಹರಳುಗಟ್ಟಿ ಜಡವಾಗುತ್ತದೆ. ಉರಿ ಸಾಲದಿದ್ದರೆ ಇಂಗಾಲ ಉಳಿದು ಬೂದಿ ಕಪ್ಪಾಗುತ್ತದೆ, ಗಾರೆ ಹೆಚ್ಚು ನೀರು ಬೇಡುತ್ತದೆ. ಗಿರಣಿಯ ಕುಲುಮೆಯಿಂದ ಬಂದ ಬೂದಿಯನ್ನು ಪರೀಕ್ಷಿಸದೆ ನೇರವಾಗಿ ಗೋಡೆಗೆ ಬಳಸಲಾಗದೆಂಬುದು ಇದರಿಂದ ಸ್ಪಷ್ಟ. ಹದವಾದ ಬೂದಿಯನ್ನು ನಯವಾಗಿ ಅರೆದು ಸಿಮೆಂಟಿನ ಶೇಕಡಾ 10ರಿಂದ 15ರಷ್ಟು ಪಾಲಿಗೆ ಬದಲಾಗಿ ಬಳಸುವುದು ಸಾಮಾನ್ಯ ಮಿತಿ. ಗುಣಮಟ್ಟ ಏಕರೂಪವಾಗಿದ್ದಲ್ಲಿ ಇದನ್ನು ಕಾಂಕ್ರೀಟಿನಲ್ಲಿ ಬಳಸಲು 2000ದ ಭಾರತೀಯ ಮಾನಕ 456 ಅವಕಾಶ ನೀಡಿದೆ. ಇಂಥ ಗಾರೆಗೆ ನೀರುಣಿಸುವ ಅವಧಿಯೂ ಹೆಚ್ಚಬೇಕು. ಹರಳುಗಟ್ಟಿದ ಸಿಲಿಕಾದ ದೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಬೂದಿ ಅರೆಯುವ, ಜರಡಿಯಾಡುವ ಕೂಲಿಕಾರರ ರಕ್ಷಣೆಯನ್ನು ಮರೆಯುವಂತಿಲ್ಲ.

ಬೇಯಿಸುವ ಹದ, ಅರೆಯುವ ನಯ, ನೀರುಣಿಸುವ ತಾಳ್ಮೆ ಈ ಮೂರೂ ಗಾರೆ ಕಸುಬಿನ ಹಳೆಯ ಪಾಠಗಳೇ. ಪ್ರಯೋಗಾಲಯ ಇವಕ್ಕೆ ಅಳತೆ ಒದಗಿಸಿದೆ. ಆದರೆ ಗಾಣ ನಿಂತಂತೆ ಹದವನ್ನು ಕಣ್ಣು ಕೈಗಳಿಂದಲೇ ಅರಿಯುತ್ತಿದ್ದವರ ಸಂಖ್ಯೆಯೂ ಕುಗ್ಗಿದೆ. ಅವರೊಂದಿಗೆ ಕಸುಬಿನ ಪದಸಂಪತ್ತೂ ಮರೆಯಾಗುತ್ತಿದೆ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಬಿರುಸಾದ ಸಿಮೆಂಟು ಮೆತ್ತಿದಾಗ ತೇವ ಒಳಗೇ ಸಿಲುಕಿ ಗೋಡೆ ಶಿಥಿಲವಾಗುವುದು ಈ ಮರೆವಿನ ಫಲ. ಆದುದರಿಂದ ಗಿರಣಿಯ ಬೂದಿಯನ್ನು ಪರೀಕ್ಷಿಸುವ ಕಾರ್ಯವೂ ಗಾರೆಯವರ ತಿಳಿವನ್ನು ದಾಖಲಿಸುವ ಕಾರ್ಯವೂ ಜೊತೆಜೊತೆಯಾಗಿ ನಡೆಯಬೇಕಾದ ಅಗತ್ಯವಿದೆ.