ಕಾಲಡಿಯ ತಗಡು



ನಿಮ್ಮಲ್ಲಿ ಹಲವರ ಮನೆಯ ಕೆಳಗೆ, ಬಣ್ಣ ಮಾಸಿದ ಹೊದಿಕೆಯಡಿಯಲ್ಲಿ, ಅಪ್ಪನ ಹಳೆಯ ಗಾಡಿಯೊಂದು ನಿಂತಿರಬಹುದು. "ಮಾರಿಬಿಡಿ ಅಪ್ಪಾ" ಎಂದು ನೀವು ಹೇಳಿರುತ್ತೀರಿ. ಅವರು ಕೇಳಿಸಿದರೂ ಕೇಳಿಸದಂತೆ ಪೇಪರು ಓದುತ್ತಿರುತ್ತಾರೆ. ನಮ್ಮ ಮನೆಯ ಕಥೆಯೂ ಅದೇ. 1997ರಲ್ಲಿ ಕೊಂಡ ಮಾರುತಿ ಜಿಪ್ಸಿ, ಮೇಲೆ ಕ್ಯಾನ್ವಾಸಿನ ಹೊದಿಕೆ, ಹಿಂದೆ ತೆರೆದ ಜಾಗ. ಹೆಸರಿಗೆ ಜೀಪು, ಕೆಲಸದಲ್ಲಿ ನಮ್ಮ ಪುಟ್ಟ ಟ್ರಕ್ಕು. ರಾಜ್ಯೋತ್ಸವದ ಕುರ್ಚಿಗಳು, ಬಿಸಿಬೇಳೆಬಾತಿನ ದೊಡ್ಡ ಪಾತ್ರೆಗಳು, ನಾಟಕದ ಪರದೆಗಳು ಎಲ್ಲವೂ ಅದರ ಬೆನ್ನ ಮೇಲೇ ಹೋದವು. ನಿಮ್ಮಲ್ಲಿ ಕೆಲವರು ಚಿಕ್ಕವರಿದ್ದಾಗ ಅದರ ಹಿಂದಿನ ಬೆಂಚಿನ ಮೇಲೆ ಕುಳಿತು ಕಿರುಚಿದ್ದೂ ನನಗೆ ನೆನಪಿದೆ.

2017ರ ಮಾರ್ಚಿನ ಒಂದು ಭಾನುವಾರ ನನ್ನ ಮಗಳು ಅದನ್ನು ಸ್ಟಾರ್ಟ್ ಮಾಡಲು ಕುಳಿತಳು. ಕ್ಲಚ್ ಒತ್ತಲು ಹಿಮ್ಮಡಿ ಊರಿದ್ದೇ ತಡ, ಮ್ಯಾಟಿನ ಸಮೇತ ಕಾಲು ಕೆಳಗೆ ಕುಸಿಯಿತು. "ಅಪ್ಪಾ, ಕೆಳಗೆ ರೋಡ್ ಕಾಣಿಸ್ತಿದೆ!" ಎಂದು ಕೂಗಿದಳು. ಹೋಗಿ ನೋಡಿದರೆ ನಿಜ. ಅಂಗೈ ಅಗಲದ ತೂತು, ಸುತ್ತ ಹಪ್ಪಳದ ಅಂಚಿನಂತೆ ಉದುರುವ ತಗಡು.

ಈ ಗಾಡಿ ಹುಟ್ಟಿದ್ದು ನಮ್ಮ ಊರಿನಲ್ಲೇ. ಹಳೆಯ ದೆಹಲಿ ರಸ್ತೆಯ ಪಕ್ಕದ ಮಾರುತಿ ಕಾರ್ಖಾನೆಯಿಂದ ಮೊದಲ 800 ಕಾರು ಹೊರಬಂದದ್ದು 1983ರ ಡಿಸೆಂಬರಿನಲ್ಲಿ. ಎರಡು ವರ್ಷದ ನಂತರ, 1985ರ ಕೊನೆಯಲ್ಲಿ, ಜಿಪ್ಸಿ ಬಂತು. ಮೂರು ದಶಕಗಳಿಗೂ ಹೆಚ್ಚು ಕಾಲ ಅದು ದೊಡ್ಡ ಬದಲಾವಣೆಯಿಲ್ಲದೆ ತಯಾರಾಯಿತು. ಕಾರಣ ಅದರ ಕಟ್ಟಡದ ಸರಳತೆ: ಕೆಳಗೆ ಏಣಿಯಂಥ ದಪ್ಪ ಉಕ್ಕಿನ ಚಾಸಿ, ಅದರ ಮೇಲೆ ರಬ್ಬರ್ ಬುಶ್ಶುಗಳನ್ನಿಟ್ಟು ಬೋಲ್ಟು ಬಿಗಿದ ತೆಳು ತಗಡಿನ ಬಾಡಿ. ಹಾಗಾಗಿ ನೆಲದ ತಗಡು ತೂತಾದರೂ ಗಾಡಿ ಮುರಿದು ಬೀಳುವುದಿಲ್ಲ. ನಿಮ್ಮ ಮನೆಯದು 800 ಅಥವಾ ಅಂಥ ಕಾರಾಗಿದ್ದರೆ ಮಾತೇ ಬೇರೆ. ಅದಕ್ಕೆ ಪ್ರತ್ಯೇಕ ಚಾಸಿ ಇಲ್ಲ, ನೆಲದ ತಗಡೇ ಬೆನ್ನೆಲುಬು.

"ಗಾಡಿ ಮುರಿಯುವುದಿಲ್ಲವಲ್ಲ, ಮೇಲೊಂದು ಹಲಗೆ ಹಾಸಿದರಾಯಿತು" ಎಂದು ನಾನೂ ಅಂದುಕೊಂಡಿದ್ದೆ. ಮಗಳು ಸೀಟು ಬಿಚ್ಚಿ ತೋರಿಸಿದ ಮೇಲೆ ಬಾಯಿ ಕಟ್ಟಿತು. ಸೀಟಿನ ಬೋಲ್ಟು ಕೂತ ಜಾಗದಿಂದ ಎರಡು ಬಿರುಕುಗಳು ಜೇಡನ ಕಾಲಿನಂತೆ ಹರಡಿದ್ದವು. ಗಾಡಿ ಎಲ್ಲಿಗಾದರೂ ಗುದ್ದಿದರೆ ಬೆಲ್ಟು ಕಟ್ಟಿದ ಮನುಷ್ಯನನ್ನು ಹಿಡಿದಿಡುವುದು ಕೊನೆಗೆ ಇಂಥ ತಗಡೇ. ಬೆಲ್ಟು ಗಟ್ಟಿಯಿದ್ದು ಅದರ ಬುಡ ಕಿತ್ತು ಬಂದರೆ ಏನು ಪ್ರಯೋಜನ? ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಸೈಲೆನ್ಸರಿನ ಪೈಪು ಹಾದುಹೋಗುವುದು ಇದೇ ನೆಲದ ಕೆಳಗೆ. ಅದು ಸ್ವಲ್ಪ ಸೋರಿದರೂ ಸಾಕು, ಕಾರ್ಬನ್ ಮಾನಾಕ್ಸೈಡ್ ತೂತಿನಿಂದ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಲ್ಲಿನ ಜನವರಿಯ ಚಳಿಯಲ್ಲಿ ಎಲ್ಲ ಮುಚ್ಚಿಕೊಂಡು ಓಡಿಸುವವರು ಇದನ್ನು ನೆನಪಿಡಿ.

ತುಕ್ಕು ಬಂದದ್ದು ಹೇಗೆ? ತಪ್ಪು ನನ್ನದೇ. 2016ರ ಜುಲೈ 28ರ ಮಳೆ ನಿಮಗೆ ನೆನಪಿರಬೇಕು. ಹೀರೋ ಹೊಂಡಾ ಚೌಕದಲ್ಲಿ ನೀರು ನಿಂತು ಜನ ರಾತ್ರಿಯೆಲ್ಲ ಹೆದ್ದಾರಿಯಲ್ಲೇ ಕಳೆದರು. ನಮ್ಮ ಜಿಪ್ಸಿಯ ಒಳಕ್ಕೂ ನೀರು ನುಗ್ಗಿತು. ಮರುದಿನ ಮೇಲ್ಮೇಲೆ ಒರೆಸಿ ಸುಮ್ಮನಾದೆ. ಮ್ಯಾಟಿನಡಿಯ ನಾರಿನ ಹೊದಿಕೆ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇತ್ತು. ಅದಕ್ಕೂ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಚಿಕ್ಕ ತೂತಿಗೆ ಫೈಬರ್‌ಗ್ಲಾಸ್ ಅಂಟಿಸಿ, ಮೇಲೆ ದಪ್ಪಗೆ ಡಾಂಬರು ಬಳಿದು ಕೊಟ್ಟಿದ್ದರು. ನೋಡಲು ಹೊಸದರಂತೆ ಇತ್ತು. ಅದರಡಿಯಲ್ಲಿ ತುಕ್ಕು ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿತ್ತು! ಅಲ್ಯೂಮಿನಿಯಂ ಮೇಲೆ ಕಟ್ಟುವ ಆಕ್ಸೈಡ್ ಪದರ ಅಂಟಿ ಕೂತು ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಉಬ್ಬಿ, ಸಡಿಲವಾಗಿ, ನೀರು ಹೀರಿಕೊಂಡು ಒಳಗಿನ ಲೋಹಕ್ಕೆ ದಾರಿ ಮಾಡಿಕೊಡುತ್ತದೆ.

ಹಾಗಾದರೆ ಮೆಹರೋಲಿಯ ಕಬ್ಬಿಣದ ಕಂಬ ಹೇಗೆ ಉಳಿಯಿತು ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮಿಂದ ಮೆಟ್ರೋ ಹಿಡಿದರೆ ಸಿಗುವ ಆ ಕಂಬ ಗುಪ್ತರ ಕಾಲದ್ದು, ಸುಮಾರು 1600 ವರ್ಷ ಹಳೆಯದು, ತೂಕ ಆರು ಟನ್ನಿಗೂ ಮೇಲು. ಕಾನ್ಪುರ ಐ.ಐ.ಟಿ.ಯ ಆರ್. ಬಾಲಸುಬ್ರಮಣ್ಯಂ ಅವರ ಅಧ್ಯಯನದಂತೆ ಅದರಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೇಲ್ಮೈಯಲ್ಲಿ ತೆಳ್ಳಗಿನ ರಕ್ಷಣಾ ಪದರ ಕಟ್ಟಿದೆ. ನಮ್ಮ ಕೊಡಚಾದ್ರಿಯ ಮೇಲೆ ಮೂಕಾಂಬಿಕೆಯ ಗುಡಿಯ ಬಳಿಯೂ ಒಂದು ಕಬ್ಬಿಣದ ಕಂಬವಿದೆ. ಅಷ್ಟು ಮಳೆಯ ಸೀಮೆಯಲ್ಲಿ ಅದು ನಿಂತಿರುವುದೇ ಸೋಜಿಗ. ಆದರೆ ರಂಜಕ ಹೆಚ್ಚಾದ ಕಬ್ಬಿಣ ಪೆಡಸು, ಅಚ್ಚಿನಲ್ಲಿ ಒತ್ತಿ ಗಾಡಿಯ ನೆಲ ಮಾಡಲು ಬರುವಂಥದ್ದಲ್ಲ. ಇರಲಿ, ಜಿಪ್ಸಿಗೆ ಹಿಂದಿರುಗೋಣ.

ಬೆಂಗಳೂರಿನಲ್ಲಿ ಟಿಂಕರ್ ಎನ್ನುವವರನ್ನು ಇಲ್ಲಿ ಡೆಂಟರ್ ಎನ್ನುತ್ತಾರೆ. ನಮಗೆ ಸಿಕ್ಕ ಉಸ್ತಾದರು ಅರವತ್ತು ದಾಟಿದವರು. ನೋಡಿದವರೇ, "ಮೇಲೊಂದು ತಗಡು ಹಾಕಿ ಬೆಸೆದುಬಿಡೋಣ, ಸಂಜೆಗೆ ಗಾಡಿ ತಗೊಂಡು ಹೋಗಿ" ಎಂದರು. ನನಗೆ ಬಹಳ ಇಷ್ಟವಾಯಿತು. ಮಗಳು ಒಪ್ಪಲಿಲ್ಲ. ಎರಡು ತಗಡಿನ ನಡುವೆ ಹಳೆಯ ತುಕ್ಕು ಸಿಕ್ಕಿಕೊಂಡರೆ ಹೊಸ ತಗಡನ್ನೂ ತಿನ್ನುತ್ತದೆ, ಕೊಳೆತದ್ದನ್ನೆಲ್ಲ ಕತ್ತರಿಸಿಯೇ ಹೊಸದು ಹಾಕಬೇಕು ಎಂದಳು. ಉಸ್ತಾದರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಕೊನೆಗೆ ಅವರು ನಕ್ಕು, "ಬಿಟಿಯಾ ಹೇಳಿದ್ದೇ ಸರಿ, ಆದರೆ ನಾಲ್ಕು ದಿನ ಬೇಕು" ಎಂದರು.

ಮೊದಲ ದಿನ ಬಿಚ್ಚುವ ಕೆಲಸವೇ ಆಯಿತು. ಸೀಟು, ಮ್ಯಾಟು, ವೈರುಗಳು ಹೊರಗೆ. ಬ್ಯಾಟರಿಯ ಸಂಪರ್ಕ ತಪ್ಪಿಸಿದರು. ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರ ಇಟ್ಟರು. ನೆಲದಡಿಯಲ್ಲಿ ಹಾಯುವ ಪೆಟ್ರೋಲ್ ಮತ್ತು ಬ್ರೇಕ್ ಪೈಪುಗಳನ್ನು ಪಕ್ಕಕ್ಕೆ ಸರಿಸಿದರು. ಹಳೆಯ ಡಾಂಬರನ್ನು ಕೆರೆದು ತೆಗೆದರು, ಏಕೆಂದರೆ ವೆಲ್ಡಿಂಗಿನ ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ. ಕೈಗೆಟುಕುವಲ್ಲಿ ಬೆಂಕಿ ನಂದಿಸುವ ಸಿಲಿಂಡರು, ಒದ್ದೆ ಗೋಣಿಚೀಲ. ಆಮೇಲೆ ಚಿಕ್ಕ ಸುತ್ತಿಗೆಯಿಂದ ತಗಡನ್ನೆಲ್ಲ ತಟ್ಟುತ್ತ ಹೋದರು. ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತದ್ದು ಮಂಕಾಗಿ ಸದ್ದು ಮಾಡುತ್ತದೆ. ಅಂಗೈ ಅಗಲವೆಂದುಕೊಂಡ ತೂತು ತಟ್ಟಿ ಮುಗಿಯುವಷ್ಟರಲ್ಲಿ ಊಟದ ತಟ್ಟೆಗಿಂತ ದೊಡ್ಡದಾಗಿತ್ತು.

ಹೊಳೆಯುವ ಲೋಹ ಸಿಗುವವರೆಗೆ ಗ್ರೈಂಡರಿನಿಂದ ಕತ್ತರಿಸಿದರು. ಮೂಲೆಗಳನ್ನು ದುಂಡಗೆ ಬಿಟ್ಟರು, ಏಕೆಂದರೆ ಚೂಪು ಮೂಲೆಯಲ್ಲಿ ಮತ್ತೆ ಬಿರುಕು ಹುಟ್ಟುತ್ತದೆ. ಅಳತೆಗೆ ಮಗಳು ನಮ್ಮ ಹಳೆಯ ಕ್ಯಾಲೆಂಡರಿನ ರಟ್ಟನ್ನು ಕತ್ತರಿಸಿ ನೆಲದ ತಗ್ಗುದಿಣ್ಣೆಗೆ ಒತ್ತಿ ಮಾದರಿ ಮಾಡಿದಳು. ಅದರಂತೆ 18 ಗೇಜಿನ, ಅಂದರೆ ಸುಮಾರು 1.2 ಮಿಲಿಮೀಟರಿನ ಸಿ.ಆರ್. ಶೀಟು ಕತ್ತರಿಸಿದ್ದಾಯಿತು. ಜಿ.ಐ. ಶೀಟು ಬೇಡವೆಂದರು. ಬೆಸೆಯುವಾಗ ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ.

ಗಾಡಿಯ ನೆಲದಲ್ಲಿ ಉದ್ದುದ್ದ ಉಬ್ಬುಗೆರೆಗಳಿರುವುದನ್ನು ನೋಡಿದ್ದೀರಾ? ಅಲಂಕಾರವೆಂದು ತಿಳಿದಿದ್ದೆ. ಅವಿಲ್ಲದಿದ್ದರೆ ಚಪ್ಪಟೆ ತಗಡು ಎಣ್ಣೆಡಬ್ಬದ ಮುಚ್ಚಳದಂತೆ ಡಬಡಬ ಎನ್ನುತ್ತದೆ, ಬಡಿದು ಬಡಿದು ಬಿರುಕು ಬಿಡುತ್ತದೆ. ಉಸ್ತಾದರು ಮರದ ತುಂಡಿನಲ್ಲಿ ಗಾಡಿ ತೋಡಿ, ಅದರ ಮೇಲೆ ಶೀಟಿಟ್ಟು ಸುತ್ತಿಗೆಯಿಂದ ಒಂದೊಂದೇ ಏಟು ಹಾಕುತ್ತ ಆ ಗೆರೆಗಳನ್ನು ಎಬ್ಬಿಸಿದರು. ಅರ್ಧ ದಿನ ಅದೇ ಸದ್ದು. ಸೀಟಿನಡಿಯ ಅಡ್ಡಪಟ್ಟಿ ಮಾತ್ರ ಕೈಯಲ್ಲಿ ಆಗುವ ಕೆಲಸವಲ್ಲ. ಅದನ್ನು ಮಾಯಾಪುರಿಯ ಗುಜರಿಯಲ್ಲಿ, ಒಡೆಯುತ್ತಿದ್ದ ಇನ್ನೊಂದು ಜಿಪ್ಸಿಯಿಂದ ತಂದೆವು.

ಬಿರುಕುಗಳಿಗೆ ಬೇರೆಯೇ ಚಿಕಿತ್ಸೆ. ಬಿರುಕು ಮುಗಿಯುವ ತುದಿಯಲ್ಲಿ ಮೂರು ಮಿಲಿಮೀಟರಿನ ತೂತು ಕೊರೆದರು. ತೂತು ಮುಚ್ಚಲು ಬಂದವರು ತೂತು ಮಾಡುತ್ತಾರಲ್ಲ ಎನ್ನಿಸಿತು. ದುಂಡು ತೂತಿನಲ್ಲಿ ಬಿರುಕಿನ ಓಟ ನಿಲ್ಲುತ್ತದಂತೆ. ಆಮೇಲೆ ಬಿರುಕಿನ ಉದ್ದಕ್ಕೂ ಸಣ್ಣ ಕಾಲುವೆಯಂತೆ ಉಜ್ಜಿ, ಬೆಸುಗೆ ತುಂಬಿ, ಬೋಲ್ಟಿನ ಜಾಗಕ್ಕೆ ಕೆಳಗಿನಿಂದ ದಪ್ಪ ಪಟ್ಟಿಯ ಆಸರೆ ಕೊಟ್ಟರು.

ವೆಲ್ಡಿಂಗ್ ಮಾಡಿದ್ದು ಮಿಗ್ ಯಂತ್ರದಿಂದ. ಗ್ಯಾಸಿನ ಬೆಸುಗೆಯ ಕಾವು ಅಗಲಕ್ಕೆ ಹರಡಿ ತೆಳು ತಗಡು ಸೊಟ್ಟಗಾಗುತ್ತದೆ. ಮಿಗ್‌ನಲ್ಲೂ ಒಂದೇ ಸಮನೆ ಗೆರೆ ಎಳೆಯುವಂತಿಲ್ಲ. ಇಲ್ಲೊಂದು ಚುಕ್ಕೆ, ಎದುರು ಬದಿಯಲ್ಲೊಂದು ಚುಕ್ಕೆ, ತಣಿಯುವವರೆಗೆ ಚಹಾ. ಚುಕ್ಕೆ ಚುಕ್ಕೆ ಸೇರಿ ಗೆರೆಯಾಗಲು ಒಂದೂವರೆ ದಿನ ಹಿಡಿಯಿತು. ಮಗಳಿಗೂ ಮುಖವಾಡ ತೊಡಿಸಿ ಹತ್ತು ಚುಕ್ಕೆ ಹಾಕಿಸಿದರು. ಅದರಲ್ಲಿ ಮೂರು ತಗಡನ್ನೇ ಸುಟ್ಟು ತೂತು ಮಾಡಿದವು. ಅವನ್ನು ಉಸ್ತಾದರು ಸದ್ದಿಲ್ಲದೆ ತುಂಬಿದರು.

ಬಣ್ಣದ ವಿಷಯದಲ್ಲಿ ಅವಸರ ಮಾಡಬೇಡಿ. ಬರೀ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ತೇವ ಒಳಗಿಳಿಯುತ್ತದೆ. ಎಪಾಕ್ಸಿ ಪ್ರೈಮರ್, ಆಮೇಲೆ ಜೋಡಣೆಗಳಿಗೆ ಸೀಲರ್, ಅದರ ಮೇಲೆ ಬಣ್ಣ, ಕೆಳಭಾಗಕ್ಕೆ ಅಂಡರ್‌ಕೋಟ್, ಇದೇ ಸರದಿ. ನೀರು ಹೊರಹೋಗಲು ಕಂಪನಿಯವರೇ ಬಿಟ್ಟ ತೂತುಗಳನ್ನು ಮಾತ್ರ ಸೀಲರಿನಿಂದ ಮುಚ್ಚಬಾರದು. ಅವಕ್ಕೆ ರಬ್ಬರಿನ ಬಿರಡೆಗಳಿವೆ, ನೀರು ನುಗ್ಗಿದ ದಿನ ಅವನ್ನು ಎಳೆದರಾಯಿತು. 2016ರಲ್ಲಿ ನನಗೆ ಅವು ಇರುವುದೇ ಗೊತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಗಾಡಿ ಗುರುಗ್ರಾಮದಲ್ಲಿ ಉಳಿಯುವಂತಿರಲಿಲ್ಲ. 15 ವರ್ಷ ಮೀರಿದ ಪೆಟ್ರೋಲ್ ಗಾಡಿ ಮತ್ತು 10 ವರ್ಷ ಮೀರಿದ ಡೀಸೆಲ್ ಗಾಡಿ ದೆಹಲಿ ವಲಯದಲ್ಲಿ ಓಡಕೂಡದೆಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟಿನಲ್ಲಿ ಮಾಲೀಕರಿಗೆ ಸಿಕ್ಕ ರಕ್ಷಣೆಯನ್ನು ಅದೇ ಡಿಸೆಂಬರಿನಲ್ಲಿ ಬಿ.ಎಸ್. 4 ಮತ್ತು ಅದಕ್ಕಿಂತ ಹೊಸ ಗಾಡಿಗಳಿಗೆ ಸೀಮಿತಗೊಳಿಸಿದರು. ನಿಮ್ಮ ಮನೆಯ ಗಾಡಿಯ ಆರ್.ಸಿ. ತೆಗೆದು ನೋಡಿ. ನಮ್ಮ ಜಿಪ್ಸಿ ಆ ಲೆಕ್ಕದಲ್ಲಿ ಮುತ್ತಜ್ಜ. ಇಲ್ಲಿನ ಗಾಳಿ ಕುಡಿಯುವವನು ನಾನೂ ಆದ್ದರಿಂದ ಕಾನೂನಿನೊಡನೆ ನನಗೆ ಜಗಳವಿಲ್ಲ. 28ನೇ ನಮೂನೆ ತುಂಬಿ, ಎನ್.ಓ.ಸಿ. ಪಡೆದು, ಲಾರಿಗೆ ಹೇರಿ ಸಕಲೇಶಪುರದ ಬಳಿಯ ಅಣ್ಣನ ತೋಟಕ್ಕೆ ಕಳಿಸಿದೆವು. ಹೊರಡುವ ದಿನ ಮಗಳು ಸುತ್ತಿಗೆಯಿಂದ ನೆಲವನ್ನೊಮ್ಮೆ ತಟ್ಟಿ ನೋಡಿದಳು.

ಈಗಲೂ ಅದು ಅಲ್ಲಿ ಕಾಫಿ ಮೂಟೆ ಹೊರುತ್ತಿದೆ. ಮಗಳು ಮೊದಲ ಮಳೆಗಾಲಕ್ಕೇ ಅಣ್ಣನಿಗೆ ಫೋನು ಮಾಡಿ, "ದೊಡ್ಡಪ್ಪಾ, ಮ್ಯಾಟು ಒಣಗಿಸಿದ್ರಾ?" ಎಂದು ಕೇಳಿದ್ದಳು. ಮಲೆನಾಡಿನ ಆಷಾಢದಲ್ಲಿ ಬಿಸಿಲೆಲ್ಲಿ? ಅಣ್ಣ ಅವನ್ನು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ನೇತುಹಾಕುತ್ತಾನೆ. ಸೀರೆ ಒಣಗಿಸಲು ಜಾಗವಿಲ್ಲವೆಂದು ಅತ್ತಿಗೆ ಪ್ರತಿ ವರ್ಷ ನನಗೆ ಫೋನಿನಲ್ಲಿ ಬೈಯುತ್ತಾರೆ.