ಹಳೇ ಪಿಕಪ್, ಸಣ್ಣ ಬಜೆಟ್: ಮೊದಲು ಗಾಡಿಯ ಅಡಿ ನೋಡಿ

ನಾನು ಮಾತಾಡ್ತಿರೋದು ಸಿಂಗಾಪುರದ ಉಬಿಯಿಂದ. ಮಧ್ಯೆ ಮಧ್ಯೆ ಟರ್‌ರ್ ಅಂತ ಶಬ್ದ ಕೇಳಿಸಿದರೆ ಅದು ನಿಮ್ಮ ಇಯರ್‌ಫೋನಿನದಲ್ಲ, ನಮ್ಮ ಬ್ಲಾಕಿನ ಎದುರಿನ ಗ್ಯಾರೇಜುಗಳದ್ದು. ಉಬಿ ಅಂದರೆ ಮಲಯ್ ಭಾಷೆಯಲ್ಲಿ ಗೆಡ್ಡೆ, ಉಬಿ ಕಾಯು ಅಂದರೆ ನಮ್ಮ ಮರಗೆಣಸು. ಈಗ ಇಲ್ಲಿ ಗೆಡ್ಡೆಯೂ ಇಲ್ಲ, ಗಿಡವೂ ಇಲ್ಲ. ಕಾರು ಮಾರುವವರು, ಕಾರು ರಿಪೇರಿ ಮಾಡುವವರು, ಟೈರು, ಗ್ರೀಸು, ಅಷ್ಟೆ.

ನಾನು ಜೀವಶಾಸ್ತ್ರದವನು, ಮೆಕ್ಯಾನಿಕ್ ಅಲ್ಲ. ಆದರೂ ಇವತ್ತು ಒಂದು ಹಳೇ ಪಿಕಪ್ಪಿನ ವಿಷಯ ಹೇಳ್ತೀನಿ. ಯಾಕೆಂದರೆ ಅದರಲ್ಲಿ ನಾನು ಮಾಡಿದ ಒಂದು ತಪ್ಪಿದೆ.

ಗಾಡಿ ಇರುವುದು ಆಗುಂಬೆ ಹತ್ತಿರದ ನಮ್ಮೂರಿನಲ್ಲಿ. 2005ರ ಬೊಲೆರೋ ಕ್ಯಾಂಪರ್, ಫೋರ್ ವೀಲ್ ಡ್ರೈವ್. ಮುಂದೆ ಜನ ಕೂರುವ ಕ್ಯಾಬಿನ್, ಹಿಂದೆ ಸಾಮಾನು ಹಾಕುವ ತೊಟ್ಟಿ. ಅಡಿಕೆ, ಗೊಬ್ಬರ, ಸೋಗೆ, ಮದುವೆ ಮನೆಯ ಪಾತ್ರೆ ಎಲ್ಲವನ್ನೂ ಹೊತ್ತಿದೆ. ಮಳೆಗಾಲದಲ್ಲಿ ನಮ್ಮ ಮನೆಯಿಂದ ಟಾರು ರಸ್ತೆವರೆಗಿನ ಎರಡು ಕಿಲೋಮೀಟರ್ ಕೆಸರು ದಾರಿಯಲ್ಲಿ ಬೇರೆ ಗಾಡಿ ಬರುವುದಿಲ್ಲ. ಹಾಗಾಗಿ ಅಕ್ಕಪಕ್ಕದ ನಾಲ್ಕು ಮನೆಗೂ ಆಂಬ್ಯುಲೆನ್ಸ್ ಅಂದರೆ ಅದೇ. ಗಂಭೀರ ಅಂದರೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು.

ಗಾಡಿ ಸರಿ ಮಾಡಿಸೋಣ ಅಂತ ನಾನು ಎಂಬತ್ತು ಸಾವಿರ ರೂಪಾಯಿ ಕಳಿಸಿದೆ. ಅಕ್ಕನ ಮಗ, ಅಂದರೆ ನನ್ನ ಅಳಿಯ, ವಾಟ್ಸ್ಯಾಪಿನಲ್ಲಿ ಫೋಟೋ ಮೇಲೆ ಫೋಟೋ ಹಾಕಿದ. "ಮಾವ, 31 ಇಂಚಿನ ಟೈರ್ ಹಾಕಿದ್ರೆ ಹೆಂಗೆ ಕಾಣ್ತದೆ ನೋಡಿ!" ಚೆನ್ನಾಗೇ ಕಾಣುತ್ತಿತ್ತು. ಹಾಕ್ಸು ಅಂದುಬಿಟ್ಟೆ. ನಾಲ್ಕು ಟೈರಿಗೆ ಐವತ್ತೆರಡು ಸಾವಿರ ಹೋಯಿತು. ಅಪ್ಪಯ್ಯ ಮಾತ್ರ ಫೋನಿನಲ್ಲಿ, "ಎಂತಕ್ಕಾ ಇದು, ಇರೋ ಟೈರಿಗೆ ಎಂತಾಗಿತ್ತು?" ಅಂದಿದ್ದರು.

ಈಗ ಆ ಟೈರು ಗಾಡಿಗೆ ಏನು ಮಾಡಿತು ಅಂತ ಲೆಕ್ಕ ಹಾಕೋಣ. ಮೊದಲಿದ್ದದ್ದು 235/75 ಆರ್ 15. ಅಂದರೆ ಟೈರಿನ ಅಗಲ 235 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ. 75, ಒಳಗಿನ ರಿಮ್ಮು 15 ಇಂಚು. ಕೂಡಿದರೆ ಒಟ್ಟು ವ್ಯಾಸ ಸುಮಾರು 733 ಮಿ.ಮೀ. 31 ಇಂಚು ಅಂದರೆ 787 ಮಿ.ಮೀ. ವ್ಯತ್ಯಾಸ 54. ಆದರೆ ಆಕ್ಸಲ್ ಮೇಲೇರುವುದು ಅದರ ಅರ್ಧ ಮಾತ್ರ, ಇಪ್ಪತ್ತೇಳು ಮಿ.ಮೀ. ಐವತ್ತೆರಡು ಸಾವಿರಕ್ಕೆ ನಮಗೆ ಸಿಕ್ಕಿದ ಎತ್ತರ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ!

ಕಳೆದುಕೊಂಡದ್ದು ಏನು? ಚಕ್ರ ಅಂದರೆ ಒಂದು ಸನ್ನೆಕೋಲು. ಎಂಜಿನ್ ಆಕ್ಸಲನ್ನು ತಿರುಚುತ್ತೆ, ಆ ತಿರುಚುಬಲ ಚಕ್ರದ ತ್ರಿಜ್ಯದಿಂದ ಭಾಗವಾಗಿ ನೆಲಕ್ಕೆ ಸೇರುತ್ತೆ. ತ್ರಿಜ್ಯ ಶೇ. 7 ಹೆಚ್ಚಾದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಮುದಿ ಎಂಜಿನ್ನಿಗೆ ಏರಿನಲ್ಲಿ ಅದು ಗೊತ್ತಾಗುತ್ತೆ. ಬ್ರೇಕಿಗೂ ಇದೇ ಲೆಕ್ಕ, ಅಷ್ಟೇ ಬೇಗ ನಿಲ್ಲಬೇಕಾದರೆ ಪೆಡಲನ್ನು ಇನ್ನೂ ಜೋರಾಗಿ ಒತ್ತಬೇಕು. ಸ್ಪೀಡೋಮೀಟರ್ ಅರವತ್ತು ತೋರಿಸುವಾಗ ಗಾಡಿ ನಿಜಕ್ಕೂ ಅರವತ್ತನಾಲ್ಕರಲ್ಲಿ ಇರುತ್ತೆ. ಸ್ಟೆಪ್ನಿ ಹಳೇ ಅಳತೆಯದ್ದೇ ಉಳಿಯಿತು. ಪಂಕ್ಚರಾದರೆ ಒಂದೇ ಆಕ್ಸಲಿನ ಎಡಬಲಕ್ಕೆ ಬೇರೆ ಬೇರೆ ಸೈಜು, ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ ಒಳಗಿನ ಗೇರುಗಳು ಪುರುಸೊತ್ತಿಲ್ಲದೆ ತಿರುಗುತ್ತಲೇ ಇರಬೇಕು.

ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಲು ಶುರುವಾಯಿತು. ಉಜ್ಜುತ್ತೆ ಅಂದಮೇಲೆ ಗಾಡಿ ಎತ್ತರಿಸೋಣ ಅನ್ನುವುದು ಮುಂದಿನ ಮಾತು. ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಜಾಯಿಂಟುಗಳು ಬೇಗ ಸವೆಯುತ್ತವೆ. ಗುರುತ್ವ ಕೇಂದ್ರವೂ ಮೇಲೇರುತ್ತೆ. ಎಡಬಲ ಚಕ್ರಗಳ ನಡುವಿನ ಅಂತರ 1.44 ಮೀಟರ್, ಗುರುತ್ವ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಗಾಡಿ ಮಗುಚದೆ ವಾಲಬಹುದಾದ ಕೋನ ಕಾಗದದ ಮೇಲೆ ಸುಮಾರು 46 ಡಿಗ್ರಿ. ಕೇಂದ್ರ ಹತ್ತು ಸೆಂಟಿಮೀಟರ್ ಮೇಲೆ ಹೋದರೆ 42. ಸ್ಪ್ರಿಂಗು, ಟೈರು ಬಗ್ಗುವುದರಿಂದ ನಿಜದಲ್ಲಿ ಎರಡೂ ಇನ್ನೂ ಕಡಿಮೆ. ನಮ್ಮಲ್ಲಿ ಜೀವಶಾಸ್ತ್ರದಲ್ಲಿ ಒಂದು ಜೀನ್ ಮುಟ್ಟಿದರೆ ಸಂಬಂಧವೇ ಇಲ್ಲದಂತೆ ಕಾಣುವ ಐದು ಲಕ್ಷಣ ಬದಲಾಗುವುದುಂಟು. ಅದನ್ನು ಪಾಠ ಮಾಡುವ ನಾನೇ ಇದನ್ನು ಯೋಚಿಸಲಿಲ್ಲ.

ಅದೃಷ್ಟಕ್ಕೆ ಲಿಫ್ಟ್ ಮಾಡಿಸುವ ಮೊದಲೇ ಘಾಟಿ ಬಂತು. ಅಪ್ಪಯ್ಯನಿಗೆ ಮಣಿಪಾಲದಲ್ಲಿ ಕಣ್ಣಿನ ತಪಾಸಣೆ ಇತ್ತು. ಹಿಂದೆ ಆರು ಮೂಟೆ ಅಡಿಕೆ, ಹೇಗೂ ಹೋಗ್ತಿದ್ದೀವಲ್ಲ ಅಂತ. ಅಳಿಯ ಮೂರನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಸಿದ. ಅರ್ಧ ಘಾಟಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಪೆಡಲ್ ಮೆತ್ತಗಾಗಿ ತಳ ಮುಟ್ಟಿತು. ಹುಡುಗ ಗಾಬರಿಯಲ್ಲೂ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ಬೆಟ್ಟದ ಕಡೆಯ ಚರಂಡಿಗೆ ಇಳಿಸಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ಪಕ್ಕದಲ್ಲಿ ಏನಿದೆ ಅಂತ ಆ ಘಾಟಿ ನೋಡಿದವರಿಗೆ ನಾನು ಹೇಳಬೇಕಿಲ್ಲ.

ಏನಾಯಿತು? ಎರಡು ಸಾವಿರ ಕೆಜಿ ಗಾಡಿ ನಾನೂರು ಮೀಟರ್ ಕೆಳಗಿಳಿದರೆ ಸುಮಾರು 78 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಅಷ್ಟು ಶಾಖದಲ್ಲಿ ಇಪ್ಪತ್ತೈದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು, ಬಚ್ಚಲ ಹಂಡೆಯ ಲೆಕ್ಕ. ಸಣ್ಣ ಗೇರಿನಲ್ಲಿ ಇಳಿದರೆ ಆ ಶಕ್ತಿಯ ದೊಡ್ಡ ಪಾಲನ್ನು ಎಂಜಿನ್ ತೆಗೆದುಕೊಂಡು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಹಾಕುತ್ತೆ. ಮೂರನೇ ಗೇರಿನಲ್ಲಿ ಇಳಿದರೆ ಹೆಚ್ಚಿನದ್ದು ಬ್ರೇಕಿಗೆ.

ಬ್ರೇಕ್ ಪೈಪಿನಲ್ಲಿ ಇರುವ ದ್ರವಕ್ಕೆ ನೀರನ್ನು ಹೀರುವ ಗುಣ ಇದೆ. ಡಾಟ್ 3 ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಶೇ. 3.7ರಷ್ಟು ನೀರು ಸೇರಿದ ಮೇಲೆ ಅದೇ ನಿಯಮ 140 ಡಿಗ್ರಿಗೆ ಇಳಿಯುತ್ತೆ. ಡಾಟ್ 4 ಆದರೆ 230 ಮತ್ತು 155. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ, ಮಳೆಗಾಲದಲ್ಲಿ ಮನೆಯ ಉಪ್ಪೇ ನೀರಾಗುತ್ತೆ. ನಮ್ಮ ಗಾಡಿಯ ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿದರೆ ಯಾರಿಗೂ ನೆನಪಿಲ್ಲ. ಕಡಿಮೆಯಾದಾಗ ಮೇಲಿಂದ ತುಂಬಿಸಿದ್ದಷ್ಟೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ನಿಮ್ಮ ಪಾದದ ಬಲ ಚಕ್ರಕ್ಕೆ ತಲುಪೋದು. ದ್ರವ ಕುದಿದು ಆವಿಯ ಗುಳ್ಳೆ ಎದ್ದರೆ ಗುಳ್ಳೆ ಕುಗ್ಗುತ್ತೆ, ಪೆಡಲ್ ಕೆಳಗೆ ಹೋಗುತ್ತೆ, ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ದೊಡ್ಡ ಟೈರೇ ಕಾರಣ ಅಂತ ನಾನು ಹೇಳುವುದಿಲ್ಲ. ಇಳಿಜಾರಿನ ಶಾಖ ಯಾವ ಟೈರಿದ್ದರೂ ಅಷ್ಟೇ. ಟೈರಿನಿಂದ ಎಂಜಿನ್ನಿನ ಹಿಡಿತ ಸ್ವಲ್ಪ ಕಡಿಮೆಯಾಯಿತು, ಅಷ್ಟೆ. ಆದರೆ ಕೆಲವು ನೂರು ರೂಪಾಯಿಯ ಬ್ರೇಕ್ ಆಯಿಲ್ ಬದಲಾಯಿಸದೆ ನಾನು ಐವತ್ತೆರಡು ಸಾವಿರ ತೋರಿಕೆಗೆ ಖರ್ಚು ಮಾಡಿಸಿದ್ದೆ. ಆ ರಾತ್ರಿ ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ.

ಮರುದಿನ ಎದುರಿನ ಗ್ಯಾರೇಜಿನ ಅಂಕಲ್ ಹತ್ತಿರ ಹೋದೆ. ಮೂವತ್ತು ವರ್ಷದಿಂದ ಹೈಲಕ್ಸು, ಟ್ರೈಟನ್ ಬಿಚ್ಚುತ್ತಿರುವ ಮನುಷ್ಯ. ಸಿಂಗಾಪುರದಲ್ಲಿ ಪಿಕಪ್ ಸರಕು ವಾಹನದ ಲೆಕ್ಕ. ಗಾಡಿ ಇಟ್ಟುಕೊಳ್ಳುವ ಹಕ್ಕುಪತ್ರ ಸಿಓಇ 1990ರಿಂದ ಇದೆ, ಅದರ ಅವಧಿ ಹತ್ತು ವರ್ಷ. ನವೀಕರಿಸಿದರೂ ಸರಕು ವಾಹನಕ್ಕೆ ಇಪ್ಪತ್ತು ವರ್ಷಕ್ಕೆ ಕೊನೆ. ನಮ್ಮ ಕ್ಯಾಂಪರ್ ಇಲ್ಲಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಗುಜರಿ. ಅಂಕಲ್ ನನ್ನ ಫೋನಿನ ಫೋಟೋಗಳನ್ನು ಸರಸರ ಸರಿಸಿ, "ಮೇಲಿನದು ಸಾಕು, ಅಡಿಯ ಫೋಟೋ ಎಲ್ಲಿ?" ಅಂದರು. ನನ್ನ ಹತ್ತಿರ ಒಂದೂ ಇರಲಿಲ್ಲ.

ಡಿಸೆಂಬರಿನಲ್ಲಿ ರಜೆ ಹಾಕಿ ಊರಿಗೆ ಹೋದಾಗ ಮೊದಲ ಕೆಲಸ ಅದೇ, ಟಾರ್ಚು ಹಿಡಿದು ಗಾಡಿ ಕೆಳಗೆ ಮಲಗಿದ್ದು. ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ, ತಿಂದು ಹೋದದ್ದು ದಪ್ ಅನ್ನುತ್ತೆ. ಹಿಂದಿನ ತೊಟ್ಟಿಯ ಕೆಳಗೆ ಒಂದು ಕಡೆ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಕಾರಣ ತೊಟ್ಟಿಯಲ್ಲೇ ಇತ್ತು. ವರ್ಷಗಟ್ಟಲೆ ಅದರಲ್ಲಿ ಪೊಟ್ಯಾಷ್ ಗೊಬ್ಬರ ತಂದಿದ್ದಾರೆ. ಅದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ.

ತುಕ್ಕು ಅಂದರೆ ಒಂದು ಸಣ್ಣ ಬ್ಯಾಟರಿ. ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತೆ, ಇನ್ನೊಂದು ಜಾಗದಲ್ಲಿ ಗಾಳಿಯ ಆಮ್ಲಜನಕ ಮತ್ತು ನೀರು ಆ ಎಲೆಕ್ಟ್ರಾನ್ ಹಿಡಿದುಕೊಳ್ಳುತ್ತವೆ. ಎರಡರ ನಡುವೆ ಅಯಾನುಗಳು ಓಡಾಡಲು ತೇವ ಬೇಕು. ತೇವದಲ್ಲಿ ಉಪ್ಪು ಕರಗಿದ್ದರೆ ಓಡಾಟ ಇನ್ನೂ ಸಲೀಸು. ಹುಟ್ಟುವ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತೆ, ಹಾಗಾಗಿ ಪೇಂಟನ್ನು ಒಳಗಿಂದ ಎಬ್ಬಿಸುತ್ತೆ. ಕೆಸರು ಕಟ್ಟಿಕೊಂಡ ಮೂಲೆ ವಾರಗಟ್ಟಲೆ ಒದ್ದೆ ಇರುತ್ತೆ. ಚಾಸಿಯ ಅಡಿಯಲ್ಲಿ ನೀರು ಹರಿದು ಹೋಗಲು ಸಣ್ಣ ತೂತುಗಳಿರುತ್ತವೆ. ನಮ್ಮದರಲ್ಲಿ ಬಹುಪಾಲು ಮುಚ್ಚಿ ಹೋಗಿದ್ದವು. ಒಂದು ತಂತಿ ಹಾಕಿ ಕೆದಕಿದರೆ ಕಾಫಿ ಬಣ್ಣದ ನೀರು ಸುರಿಯಿತು. ಖರ್ಚು ಸೊನ್ನೆ.

ಇಲ್ಲೊಂದು ಸಣ್ಣ ಪ್ರಯೋಗವನ್ನೂ ಹೇಳಿಬಿಡ್ತೀನಿ. ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರುಗಳಲ್ಲಿ ಹೆಚ್ಚಾಗಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತೆ. ಟ್ಯಾನಿನ್ ತುಕ್ಕಿನ ಕಬ್ಬಿಣದ ಜೊತೆ ಸೇರಿ ಕಪ್ಪು ಸಂಯುಕ್ತ ಆಗುತ್ತೆ, ಹಳೇ ಕಾಲದ ಶಾಯಿ ಮಾಡುತ್ತಿದ್ದುದೂ ಹೀಗೇ. ಅದನ್ನು ಅಪ್ಪಯ್ಯನಿಗೆ ವಿವರಿಸಿದಾಗ ಅವರು, "ಹಂಗಾದ್ರೆ ಚೊಗರು ಬಳೀಲಕ್ಕಲ್ಲನಾ?" ಅಂದರು. ಅಡಿಕೆ ಬೇಯಿಸಿದ ಚೊಗರು ಅಂದರೆ ಟ್ಯಾನಿನ್ನೇ! ಒಂದು ತುಕ್ಕು ಹಿಡಿದ ಬ್ರಾಕೆಟ್ಟಿಗೆ ಬಳಿದೆವು. ಮರುದಿನಕ್ಕೆ ಕಪ್ಪಾಯಿತು, ಅಪ್ಪಯ್ಯನ ಮುಖ ಅರಳಿತು. ಆದರೆ ಪೈಪಿನ ನೀರು ಬಿಟ್ಟಾಗ ಅರ್ಧ ತೊಳೆದು ಹೋಯಿತು. ರಸಾಯನಶಾಸ್ತ್ರ ಸರಿ ಇತ್ತು, ಹಿಡಿದುಕೊಳ್ಳುವ ಅಂಟು ಇರಲಿಲ್ಲ. ಕೊನೆಗೆ ವೈರ್ ಬ್ರಷ್‌ನಿಂದ ಉಜ್ಜಿ, ಬಾಟಲಿ ತಂದು ಹಚ್ಚಿ, ಮೇಲೆ ಪ್ರೈಮರು, ಪೇಂಟು. ತೂತಾದ ಜಾಗಕ್ಕೆ ಪಟ್ಟಿ ಮುಚ್ಚಿ ಪೇಂಟ್ ಹೊಡೆಸಬೇಡಿ. ಕೊಳೆತದ್ದನ್ನು ಕತ್ತರಿಸಿ, ಗಟ್ಟಿ ಕಬ್ಬಿಣ ಸಿಗುವಲ್ಲಿಂದ ವೆಲ್ಡ್ ಮಾಡಿಸಬೇಕು.

ದೊಡ್ಡ ಟೈರುಗಳನ್ನು ಮೂವತ್ತು ಸಾವಿರಕ್ಕೆ ಮಾರಿದೆವು. ಆ ದುಡ್ಡಿನಲ್ಲೇ ಬ್ರೇಕ್ ಹೋಸು, ಪ್ಯಾಡು, ಡಾಟ್ 4 ಆಯಿಲ್, ವೆಲ್ಡಿಂಗ್ ಎಲ್ಲ ಆಯಿತು. ಉಳಿದಿದ್ದ ಇಪ್ಪತ್ತೆಂಟು ಸಾವಿರಕ್ಕೆ ಹಳೇ ಅಳತೆಯದ್ದೇ ನಾಲ್ಕು ಟೈರು, ಆದರೆ ಗಟ್ಟಿ ಹಲ್ಲಿನವು. ಕಾನೂನೂ ಇದಕ್ಕೇ ಒಪ್ಪುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಸಿಂಗಾಪುರದಲ್ಲೂ ಕೆಲವು ಬದಲಾವಣೆಗೆ ಸಾರಿಗೆ ಪ್ರಾಧಿಕಾರದ ಒಪ್ಪಿಗೆ ಬೇಕು, ಕೆಲವಕ್ಕೆ ಒಪ್ಪಿಗೆಯೇ ಇಲ್ಲ.

ಹಾಗಾದರೆ ಕೆಸರಿನಲ್ಲಿ ಸಣ್ಣ ಟೈರು ಸಾಕಾ ಅಂತ ಅಳಿಯ ಕೇಳಿದ. ಒಂದು ಪ್ರೆಷರ್ ಗೇಜು, ಒಂದು ಪಂಪು ಕೊಡಿಸಿದೆ. ಒಂದು ಚಕ್ರದ ಮೇಲೆ 500 ಕೆಜಿ ಭಾರ, 35 ಪಿಎಸ್‌ಐ ಗಾಳಿ ಅಂದರೆ ಟೈರು ನೆಲ ಮುಟ್ಟುವ ಜಾಗ ಸುಮಾರು 200 ಚದರ ಸೆಂಟಿಮೀಟರ್. 18ಕ್ಕೆ ಇಳಿಸಿದರೆ ಹತ್ತಿರಹತ್ತಿರ 400. ಟೈರಿನ ಗೋಡೆಯ ಬಿಗಿತ ಲೆಕ್ಕಕ್ಕೆ ಹಿಡಿದರೆ ಅಷ್ಟು ಬರಲ್ಲ, ಆದರೂ ನೆಲದ ಮೇಲಿನ ಒತ್ತಡ ಚೆನ್ನಾಗಿಯೇ ಇಳಿಯುತ್ತೆ, ಗಾಡಿ ಹೂತುಕೊಳ್ಳುವ ಬದಲು ಮೇಲೆ ತೇಲಿದ ಹಾಗೆ ಹೋಗುತ್ತೆ. ಆದರೆ ನಿಧಾನಕ್ಕೆ ಓಡಿಸಬೇಕು, ಭಾರ ಹೇರಬಾರದು. ಟಾರು ಸಿಕ್ಕಿದ ಕೂಡಲೇ ಮತ್ತೆ ಗಾಳಿ ತುಂಬಬೇಕು, ಇಲ್ಲದಿದ್ದರೆ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಹರಿದುಹೋಗುತ್ತೆ.

ಜೂನ್ ಕೊನೆಯಲ್ಲಿ ಅಳಿಯ ಒಂದು ವಿಡಿಯೋ ಕಳಿಸಿದ. ಅದೇ ಕೆಸರು ದಾರಿ, ಪಕ್ಕದ ಮನೆಯ ಬಸುರಿ ಹೆಂಗಸನ್ನು ತೀರ್ಥಹಳ್ಳಿಗೆ ಬಿಟ್ಟು ವಾಪಸ್ ಬರುತ್ತಿದ್ದಾನೆ, ಗಾಡಿ ಎಲ್ಲೂ ನಿಲ್ಲಲಿಲ್ಲ. ಅದನ್ನು ಎದುರಿನ ಅಂಕಲ್‌ಗೆ ತೋರಿಸಿದೆ. ಅವರು ವಿಡಿಯೋವನ್ನು ಎರಡು ಸಲ ಕಿವಿಗೆ ಹಿಡಿದು ಕೇಳಿ, "ಫ್ಯಾನ್ ಬೆಲ್ಟ್ ಕಿರುಚ್ತಾ ಇದೆ, ಹೇಳು ಅವನಿಗೆ" ಅಂದರು. ಹೇಳಿದ್ದೇನೆ.